ಮೈಕ್ ಮುಟ್ಟಿದರೆ ಗುಂಯ್ ಸದ್ದು ಕಡಿಮೆ, ಕೈ ಬಿಟ್ಟರೆ ಮತ್ತೆ ಶುರು. ಆಯಿಯ ಪದ ರೆಕಾರ್ಡ್ ಮಾಡಬೇಕು, ದಾರಿ ಹೇಳಿ

ಬೀಸುಕಲ್ಲು, ವಿಜಯಪುರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ವಿವರ ಇಲ್ಲದೆ ಉತ್ತರ ಹೇಳುವುದು ನಿಮಗೂ ಕಷ್ಟ ಅಲ್ವಾ.

ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದ ಎಲ್ಲಾ ಬಾಯಲ್ಲೇ ಇವೆ. ವಯಸ್ಸು 80 ದಾಟಿದೆ. ಒಂದನ್ನೂ ಯಾರೂ ಬರೆದಿಟ್ಟಿಲ್ಲ. ಮೊಬೈಲಿನಲ್ಲಿ ಹಿಡಿದು ನೋಡಿದೆ, ದನಿ ತೆಳ್ಳಗೆ ಬರುತ್ತದೆ, ಅರ್ಧ ಮಾತು ತಿಳಿಯುವುದಿಲ್ಲ. ಅದಕ್ಕೇ ಒಂದು ಕಂಡೆನ್ಸರ್ ಮೈಕ್, ಎರಡು ಇನ್‌ಪುಟ್ ಇರುವ, ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಕೊಡುವ ಆಡಿಯೋ ಇಂಟರ್‌ಫೇಸ್, ಎಕ್ಸ್‌ಎಲ್‌ಆರ್ ಕೇಬಲ್, ಸ್ಟ್ಯಾಂಡ್ ತಂದೆ. ಇಂಟರ್‌ಫೇಸ್ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುತ್ತದೆ. 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕ ಮೈಕಿಗೆ ಹೋಗುವ ಕರೆಂಟ್) ಆನ್ ಇದೆ. ರೆಕಾರ್ಡ್ ಮಾಡುವುದು ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ.

ತೊಂದರೆ ಏನಂದರೆ, ಆಯಿ ಬಾಯಿ ತೆರೆಯುವ ಮೊದಲೇ ಹೆಡ್‌ಫೋನ್ ತುಂಬ ಸದ್ದು. ಅದೂ ಒಂದೇ ಸದ್ದಲ್ಲ. ಕಣ್ಣು ಮುಚ್ಚಿ ಕೂತು ಕೇಳಿದರೆ ಕೆಳಗೆ ದಪ್ಪಗೆ ಒಂದು ಗುಂಯ್ ಇದೆ. ಮೈಕಿನ ಮೈಯನ್ನೋ ಇಂಟರ್‌ಫೇಸ್ ಡಬ್ಬಿಯನ್ನೋ ಮುಟ್ಟಿದರೆ ಅದು ಪಟ್ಟನೆ ಇಳಿಯುತ್ತದೆ, ಕೈ ತೆಗೆದರೆ ಮತ್ತೆ ಬರುತ್ತದೆ. ಬರಿಗಾಲಲ್ಲಿ ನಿಂತು ಲ್ಯಾಪ್‌ಟಾಪ್ ಮೇಲೆ ಕೈ ಸವರಿದರೆ ಬೆರಳಿಗೆ ಜುಮ್ ಅನ್ನುತ್ತದೆ. ಗುಂಯ್ ಮೇಲೆ ಸುಂಯ್ ಅಂತ ಇನ್ನೊಂದು ತೆಳು ಸದ್ದು, ಅದು ಕೈ ಇಟ್ಟರೂ ಹೋಗುವುದಿಲ್ಲ. ಮೈಕ್ ಮುಖದ ಮುಂದೆ ಇಟ್ಟರೆ ಆಯಿಗೆ ಸಂಕೋಚ, ಪದ ಮರೆತೇ ಹೋಗುತ್ತವೆ. ಹಾಗಾಗಿ ಎರಡು ಮೊಳ ದೂರ ಇಟ್ಟು ಗೇನ್ (ಮೈಕಿನ ದನಿ ಹಿಗ್ಗಿಸುವ ಗುಂಡಿ) ಮುಕ್ಕಾಲಿಗಿಂತ ಮೇಲೆ ತಿರುಗಿಸಿದ್ದೇನೆ.

ಫ್ಯಾನ್ ಹಾಕಿದರೆ ಚರ್ ಅನ್ನುವ ಸದ್ದು ಬೇರೆ. ರೆಗ್ಯುಲೇಟರ್ 2ರಲ್ಲಿ ಇದ್ದರೆ ಜಾಸ್ತಿ, 5ಕ್ಕೆ ಹೋದರೆ ಕಡಿಮೆ. ಇದು ಏಪ್ರಿಲ್. ಈ ಸೆಕೆಯಲ್ಲಿ ಫ್ಯಾನ್ ಆರಿಸಿ ಅವಳನ್ನು ಕೂರಿಸಲು ನನಗೆ ಮನಸ್ಸಿಲ್ಲ.

ಮನೆ ಗೋಳಗುಮ್ಮಟದ ಕಡೆ, ರೈಲ್ವೆ ಸ್ಟೇಶನ್ ಹತ್ತಿರ. ರೈಲಿನ ಹಾರ್ನ್ ಬಂದಾಗ ನಿಲ್ಲಿಸಿ ಮತ್ತೆ ಶುರು ಮಾಡುತ್ತೇವೆ, ಅದಕ್ಕೆ ಉಪಾಯ ಕೇಳುತ್ತಿಲ್ಲ. ಹಳೇ ಮನೆ, ದಪ್ಪ ಗೋಡೆ, ಶಹಾಬಾದ್ ಕಲ್ಲಿನ ನೆಲ.

ಅಂಗಡಿಯಲ್ಲಿ ಕೇಳಿದರೆ ಇನ್ನೂ ದುಬಾರಿ ಮೈಕ್ ತಗೊಳ್ಳಿ ಅಂತಾರೆ. ಗೆಳೆಯರು ಆಡಾಸಿಟಿಯಲ್ಲಿ ಸದ್ದು ತೆಗೆಯುವ ನಾಯ್ಸ್ ರಿಡಕ್ಷನ್ ಹಾಕಿ, ಎಲ್ಲಾ ಹೋಗುತ್ತದೆ ಅಂದರು. ಹಾಕಿದೆ. ಗುಂಯ್ ಹೋಯಿತು ನಿಜ, ಆದರೆ ಸಾಲಿನ ಕೊನೆಯಲ್ಲಿ ಆಯಿ ಎಳೆಯುವ ದನಿ ನೀರಿನೊಳಗೆ ಮುಳುಗಿ ಹಾಡಿದ ಹಾಗೆ ಆಯಿತು. ಆ ಎಳೆತವೇ ಬೇಕಾದದ್ದು. ಅದನ್ನು ಕಳೆದುಕೊಂಡು ಸದ್ದಿಲ್ಲದ ರೆಕಾರ್ಡಿಂಗ್ ನನಗೆ ಬೇಡ. ಎಲ್ಲಿಂದ ಶುರು ಮಾಡಲಿ?


ಪಾರಿಜಾತ ಸೌಂಡ್, ಜಮಖಂಡಿ

ಮೊದಲ ಮಾತು, ಈಗ ಒಂದು ರೂಪಾಯಿಯ ಸಾಮಾನನ್ನೂ ತಗೊಳ್ಳಬೇಡಿ. ಉತ್ತರ ನೀವು ಬರೆದದ್ದರಲ್ಲೇ ಇದೆ. ಮುಟ್ಟಿದರೆ ಗುಂಯ್ ಇಳಿಯುತ್ತದೆ, ಲ್ಯಾಪ್‌ಟಾಪ್ ಜುಮ್ ಅನ್ನುತ್ತದೆ. ಇವೆರಡೂ ಒಟ್ಟಿಗೆ ಬಂದರೆ ಮೊದಲು ನೋಡಬೇಕಾದದ್ದು ಅರ್ಥಿಂಗ್.

ನಾನು ಶ್ರೀಕೃಷ್ಣ ಪಾರಿಜಾತ, ಸಣ್ಣಾಟ, ಜಾತ್ರೆ ನಾಟಕಗಳಿಗೆ ಸೌಂಡ್ ಹಾಕುವವನು. ಹೋದ ಊರಲ್ಲಿ ಯಾವ ಮನೆಯ ಬೋರ್ಡ್ ಸಿಗುತ್ತದೋ ಅದರಿಂದ ಕರೆಂಟ್ ಎಳೆಯುತ್ತೇವೆ. ಅರ್ಥ್ ಸತ್ತ ಬೋರ್ಡ್ ಸಿಕ್ಕರೆ ಮೊದಲು ಕೇಳಿಸುವುದು ಇದೇ ಗುಂಯ್.

ಅದು ಹೇಗೆ ಬರುತ್ತದೆ ಅಂದರೆ, ನಮ್ಮ ಕರೆಂಟ್ 50 ಹರ್ಟ್ಜ್. ಲ್ಯಾಪ್‌ಟಾಪ್ ಚಾರ್ಜರಿನೊಳಗೆ ಸಣ್ಣ ಕೆಪಾಸಿಟರ್‌ಗಳಿವೆ. ಚಾರ್ಜರ್ ತಾನೇ ಹುಟ್ಟಿಸುವ ಎಲೆಕ್ಟ್ರಿಕಲ್ ಗಲೀಜನ್ನು ಅರ್ಥ್‌ಗೆ ಇಳಿಸುವುದು ಅವುಗಳ ಕೆಲಸ. ಮೂರನೇ ಪಿನ್ನಿನಲ್ಲಿ ಅರ್ಥ್ ನಿಜವಾಗಿ ಇದ್ದರೆ ಅದು ಇಳಿದು ಹೋಗುತ್ತದೆ. ಇಲ್ಲದಿದ್ದರೆ ಆ ಸೋರಿಕೆ ಲ್ಯಾಪ್‌ಟಾಪಿನ ಲೋಹದ ಮೈಗೆ ಬರುತ್ತದೆ, ಅಲ್ಲಿಂದ ಯುಎಸ್‌ಬಿ ಕೇಬಲ್ ಹಿಡಿದು ಇಂಟರ್‌ಫೇಸ್‌ಗೆ, ಅಲ್ಲಿಂದ ಎಕ್ಸ್‌ಎಲ್‌ಆರ್ ಕೇಬಲಿನ ಶೀಲ್ಡ್ (ಒಳಗಿನ ತಂತಿಗಳ ಸುತ್ತ ಇರುವ ಲೋಹದ ಹೆಣಿಗೆ) ಹಿಡಿದು ಮೈಕಿನ ಮೈಗೆ. ನೀವು ಕೈ ಇಟ್ಟಾಗ ನಿಮ್ಮ ಮೈಯೇ ನೆಲಕ್ಕೆ ದಾರಿ ಆಗುತ್ತದೆ. ಸದ್ದು ಇಳಿಯುವುದು ಅದಕ್ಕೇ. ಹರಿಯುವ ಕರೆಂಟ್ ಬಹಳ ಕಡಿಮೆ, ಜುಮ್ ಅನ್ನುವಷ್ಟೇ. ಆದರೆ ಮನೆಯಲ್ಲಿ ಅರ್ಥ್ ಇಲ್ಲ ಅನ್ನುವುದು ರೆಕಾರ್ಡಿಂಗ್‌ಗಿಂತ ದೊಡ್ಡ ವಿಷಯ. ಅದೇ ಬೋರ್ಡಿಗೆ ಹಾಕಿದ ಇಸ್ತ್ರಿ ಪೆಟ್ಟಿಗೆ ಒಳಗೆ ಶಾರ್ಟ್ ಆದರೆ ಜೀವಕ್ಕೇ ಅಪಾಯ.

ಪರೀಕ್ಷೆ ಸುಲಭ. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿ, ಯಾರೂ ಮಾತಾಡದೆ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಗುಂಯ್ ಹೋದರೆ ದಾರಿ ಸಿಕ್ಕಿತು. ಇನ್ನೂ ಚೊಕ್ಕ ಪರೀಕ್ಷೆ ಬೇಕಂದರೆ ಕರೆಂಟ್ ಹೋದಾಗ ಮಾಡಿ, ಇನ್ವರ್ಟರನ್ನೂ ಆರಿಸಿ. ಆಗ ಇಡೀ ಮನೆಯ ವೈರಿಂಗ್ ಸುಮ್ಮನಾಗಿರುತ್ತದೆ. ಆಗಲೂ ಉಳಿದ ಸದ್ದು ಮೈಕಿನದ್ದೋ, ಇಂಟರ್‌ಫೇಸಿನದ್ದೋ, ಕೋಣೆಯದ್ದೋ ಆಗಿರಬೇಕು. ಇನ್ವರ್ಟರ್ ಆರಿಸಿ ಅಂದದ್ದಕ್ಕೆ ಕಾರಣ ಇದೆ. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಕರೆಂಟ್ ಇದ್ದಾಗಿಗಿಂತ ಕೆಟ್ಟದಾಗಿ ಗುರ್ ಅನ್ನುತ್ತದೆ.

ಕೇಬಲನ್ನೂ ಒಮ್ಮೆ ನೋಡಿ. ಎಕ್ಸ್‌ಎಲ್‌ಆರ್‌ನಲ್ಲಿ ಮೂರು ಪಿನ್. ಒಂದನೆಯದಕ್ಕೆ ಶೀಲ್ಡ್, ಎರಡು ಮತ್ತು ಮೂರಕ್ಕೆ ದನಿ. ಆ ಎರಡು ತಂತಿಯಲ್ಲಿ ದನಿ ಒಂದಕ್ಕೊಂದು ಉಲ್ಟಾ ಹೋಗುತ್ತದೆ, ದಾರಿಯಲ್ಲಿ ಹತ್ತಿದ ಗುಂಯ್ ಎರಡಕ್ಕೂ ಒಂದೇ ತರ ಹತ್ತುತ್ತದೆ, ಇಂಟರ್‌ಫೇಸ್ ಅವೆರಡರ ವ್ಯತ್ಯಾಸ ತೆಗೆದಾಗ ಗುಂಯ್ ಕಳೆದು ಹೋಗಿ ದನಿ ಉಳಿಯುತ್ತದೆ. ಇಷ್ಟು ಒಳ್ಳೆ ಏರ್ಪಾಡು ಒಂದು ಬೆಸುಗೆ ಬಿಟ್ಟರೆ ಹಾಳು. ನನ್ನ ಹತ್ತಿರ ಒಂದು ಕೇಬಲ್ ಬಂದಿತ್ತು, ಹೊರಗೆ ಹೊಸದರಂತೆ ಇತ್ತು. ಕನೆಕ್ಟರ್ ಬಿಚ್ಚಿದರೆ ಶೀಲ್ಡಿನ ಹೆಣಿಗೆ ಕತ್ತರಿಸಿ ಹೋಗಿ ಕೂದಲೆಳೆಯ ಎರಡು ತಂತಿ ಮಾತ್ರ ಒಂದನೇ ಪಿನ್ನಿಗೆ ಅಂಟಿದ್ದವು. ಕೇಬಲ್ ಅಲ್ಲಾಡಿಸಿದಾಗ ಸದ್ದು ಏರಿಳಿದರೆ ಅನುಮಾನ ಅಲ್ಲೇ. ಮಲ್ಟಿಮೀಟರ್‌ನಲ್ಲಿ ಪಿನ್ನಿಂದ ಪಿನ್ನಿಗೆ ಬೀಪ್ ಬರುತ್ತದಾ ನೋಡಿ. ಮತ್ತೆ, ಮೈಕ್ ಕೇಬಲನ್ನು ಎಕ್ಸ್‌ಟೆನ್ಷನ್ ವೈರಿನ ಜೊತೆ ಸುತ್ತಿ ಇಡಬೇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.


ಮುಧೋಳ ಬೀಟ್ಸ್

ಇಷ್ಟೆಲ್ಲಾ ಯಾಕೆ? ಚಾರ್ಜರಿನ ದಪ್ಪ ಪಿನ್‌ಗೆ ಟೇಪ್ ಸುತ್ತಿ ಹಾಕಿ, ಇಲ್ಲಾ ಎರಡು ಪಿನ್ನಿನ ಅಡಾಪ್ಟರ್ ತಗೊಳ್ಳಿ. ನಮ್ಮ ಕಡೆ ಸ್ಪೀಕರ್ ಗುಂಯ್ ಅಂದರೆ ಎಲ್ಲರೂ ಹಾಗೇ ಮಾಡುತ್ತಾರೆ, ಸದ್ದು ನಿಲ್ಲುತ್ತದೆ. ಉಳಿದದ್ದಕ್ಕೆ 100 ಹರ್ಟ್ಜ್ ಕೆಳಗೆ ಲೋ ಕಟ್ (ಕೆಳಗಿನ ದಪ್ಪ ಸದ್ದು ಕತ್ತರಿಸುವ ಫಿಲ್ಟರ್) ಹಾಕಿ ಬಿಡಿ.


ಪಾರಿಜಾತ ಸೌಂಡ್, ಜಮಖಂಡಿ

ದಯವಿಟ್ಟು ಟೇಪ್ ಮಾತು ಯಾರೂ ಕೇಳಬೇಡಿ. ಎರಡು ಕಡೆ ಅರ್ಥ್ ಇದ್ದು ಅವು ಸುತ್ತು ಹಾಕಿಕೊಂಡಾಗ, ಅಂದರೆ ಗ್ರೌಂಡ್ ಲೂಪ್ ಆದಾಗ, ಒಂದು ಕಡೆ ಪಿನ್ ತೆಗೆದರೆ ಸದ್ದು ನಿಲ್ಲುತ್ತದೆ, ಅದು ನಿಜ. ಆದರೆ ಆ ಪೆಟ್ಟಿಗೆಯೊಳಗೆ ಫೇಸ್ ತಂತಿ ಲೋಹಕ್ಕೆ ತಾಗಿದ ದಿನ ಕರೆಂಟಿಗೆ ಇಳಿಯಲು ದಾರಿಯೇ ಇರುವುದಿಲ್ಲ. ಮೈಕ್ ಹಿಡಿದವರ ಕೈಯೇ ದಾರಿ. ಇಲ್ಲಿ ಮೈಕ್ ಮುಂದೆ ಕೂರುವವರು 80 ದಾಟಿದ ಅಜ್ಜಿ. ಲೂಪ್ ಇದ್ದರೆ ಎಲ್ಲ ಸಾಮಾನನ್ನೂ ಒಂದೇ ಬೋರ್ಡಿಗೆ ಹಾಕಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ಸ್ಪೀಕರಿಗೆ ಹೋಗುವ ಲೈನಿನಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಅರ್ಥ್ ಮಾತ್ರ ಕೀಳುವುದಲ್ಲ.

ಇನ್ನು ಇವರ ಮನೆಯಲ್ಲಿ ಲೂಪ್ ಆಗುವ ಹಾಗೇ ಕಾಣುವುದಿಲ್ಲ. ಲೂಪ್ ಆಗಲು ಮೊದಲು ಅರ್ಥ್ ಇರಬೇಕು.


ಕುಂದಾನಗರಿ, ಬೆಳಗಾವಿ

ಲೋ ಕಟ್ ಬಗ್ಗೆ ಒಂದು ಮಾತು. ಕರೆಂಟಿನ ಗುಂಯ್ 50ರಲ್ಲಿ ಮಾತ್ರ ಇರುವುದಿಲ್ಲ. 100, 150, 200, 250 ಹೀಗೆ ಮೆಟ್ಟಿಲು ಹತ್ತುತ್ತದೆ. ಹೆಂಗಸರ ದನಿಯ ತಳ 200 ಹರ್ಟ್ಜ್ ಆಸುಪಾಸಿನಲ್ಲಿ ಶುರುವಾಗುತ್ತದೆ. 80ರ ಕೆಳಗೆ ಕತ್ತರಿಸಿದರೆ ಲಾರಿ ಗುಡುಗು, ನೆಲದ ಅದುರು ಹೋಗುತ್ತದೆ, ಗುಂಯ್‌ನ ಮೇಲಿನ ಮೆಟ್ಟಿಲುಗಳು ದನಿಯ ಜೊತೆಗೇ ಉಳಿಯುತ್ತವೆ. ಅವನ್ನು ತೆಗೆಯಲು ಹೋದರೆ ಅಜ್ಜಿಯ ದನಿಯೂ ಜೊತೆಗೆ ಬರುತ್ತದೆ. ಹಾಗಾಗಿ ಇದನ್ನು ಹುಟ್ಟಿದ ಜಾಗದಲ್ಲೇ ನಿಲ್ಲಿಸಬೇಕು.

ಕಿವಿಯಿಂದ ಊಹಿಸುವ ಬದಲು ಕಣ್ಣಿಂದ ನೋಡಿ. ಮೌನ ರೆಕಾರ್ಡ್ ಮಾಡಿ, ಆಡಾಸಿಟಿಯಲ್ಲಿ ಅದನ್ನು ಆಯ್ದು ಅನಲೈಜ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್ ತೆರೆಯಿರಿ, ಸೈಜ್ 16384 ಇಡಿ. ಬರುವ ಚಿತ್ರದಲ್ಲಿ 50 ಹರ್ಟ್ಜ್ ಹತ್ತಿರದ ಗೂಟ (ಚೂಪಾಗಿ ಎದ್ದ ಗೆರೆ) ಎತ್ತರ ಇದ್ದರೆ ಸುತ್ತಲಿನ ವೈರಿಂಗಿನಿಂದ ಹತ್ತಿದ್ದು. 100, 200, 300 ಎತ್ತರ ಇದ್ದರೆ ಚಾರ್ಜರ್, ಎಲ್‌ಇಡಿ ದೀಪ, ರೆಗ್ಯುಲೇಟರ್ ಕಡೆ ನೋಡಿ. 1000, 2000, 3000ರಲ್ಲಿ ಸಾಲಾಗಿ ಚೂಪು ಗೂಟ ನಿಂತಿದ್ದರೆ ಅದು ಯುಎಸ್‌ಬಿ ಸದ್ದು. ಯುಎಸ್‌ಬಿ ಒಂದು ಮಿಲಿಸೆಕೆಂಡಿಗೊಮ್ಮೆ ಡೇಟಾ ಕಳಿಸುವುದರಿಂದ ಬರುವಂಥದ್ದು. ಅದಕ್ಕೆ ಬೇರೆ ಪೋರ್ಟ್, ಗಿಡ್ಡ ಕೇಬಲ್, ಇಲ್ಲಾ ಸ್ವಂತ ಅಡಾಪ್ಟರ್ ಇರುವ ಹಬ್ ಹಾಕಿ ನೋಡಬೇಕು. ಯಾವ ಗೂಟವೂ ಇಲ್ಲದೆ ಹುಲ್ಲು ಹಾಸಿನಂತೆ ಸಮ ಇದ್ದರೆ ಅದೇ ನಿಮ್ಮ ಸುಂಯ್.

ಆ ಸುಂಯ್ ಬಗ್ಗೆ ನನಗೆ ಬಹಳ ಹೇಳಲಿಕ್ಕಿದೆ, ಯಾಕಂದರೆ ಮನೆಯಲ್ಲಿ ರೆಕಾರ್ಡ್ ಮಾಡುವವರು ಹೆಚ್ಚಿನವರು ಸೋಲುವುದು ಅಲ್ಲೇ. ಮೈಕ್, ಪ್ರೀಆಂಪ್ (ಇಂಟರ್‌ಫೇಸಿನೊಳಗೆ ದನಿ ಹಿಗ್ಗಿಸುವ ಭಾಗ) ಎರಡಕ್ಕೂ ತಮ್ಮದೇ ಸಣ್ಣ ಸುಂಯ್ ಇದ್ದೇ ಇರುತ್ತದೆ. ದನಿ ಜೋರಾಗಿ ಒಳಗೆ ಬಂದರೆ ಅದು ದನಿಯ ಕೆಳಗೆ ಮುಚ್ಚಿ ಹೋಗುತ್ತದೆ. ದನಿ ದೂರದಿಂದ ಬಂದರೆ ನೀವು ಗೇನ್ ಏರಿಸುತ್ತೀರಿ, ದನಿಯ ಜೊತೆ ಸುಂಯ್ ಕೂಡ ಅಷ್ಟೇ ಏರುತ್ತದೆ. ದೂರ ಅರ್ಧ ಮಾಡಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ನೀವು ಎರಡು ಮೊಳದಲ್ಲಿದ್ದೀರಿ. ಒಂದು ಗೇಣಿಗೆ ಬಂದರೆ ದೂರ ಕಾಲು ಭಾಗ, ಲಾಭ 12 ಡೆಸಿಬೆಲ್. ಗೇನ್ ಅಷ್ಟು ಇಳಿಸಬಹುದು. ಯಾವ ದುಬಾರಿ ಮೈಕೂ ಇಷ್ಟು ಸುಲಭವಾಗಿ 12 ಡೆಸಿಬೆಲ್ ಕೊಡುವುದಿಲ್ಲ. ದೊಡ್ಡ ದನಿ ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ಮುಟ್ಟಲಿ, ಅದರ ಮೇಲೆ ಏರಿಸುವ ಅಗತ್ಯ ಇಲ್ಲ.

ಅಜ್ಜಿಯ ಸಂಕೋಚಕ್ಕೆ ಮೈಕನ್ನು ಮುಖದ ನೇರಕ್ಕೆ ಇಡಬೇಡಿ. ಬಾಯಿಗಿಂತ ಸ್ವಲ್ಪ ಮೇಲೆ, ಒಂದು ಬದಿಗೆ, ಕೆಳಮುಖ ಮಾಡಿ ಬಾಯಿಯ ಕಡೆ ತಿರುಗಿಸಿ. ಅವರು ನಿಮ್ಮ ಮುಖ ನೋಡಿಕೊಂಡು ಹಾಡುತ್ತಾರೆ, ಮೈಕ್ ಕಣ್ಣಿಗೆ ಬೀಳುವುದಿಲ್ಲ. ಪ, ಬ ಬಂದಾಗ ಉಸಿರು ಮೈಕಿಗೆ ಬಡಿಯುವುದೂ ತಪ್ಪುತ್ತದೆ.

ನಾಯ್ಸ್ ರಿಡಕ್ಷನ್ ನಾನು ಪೂರ್ತಿ ಬೇಡ ಅನ್ನುವುದಿಲ್ಲ. ಎಷ್ಟು ಇಳಿಸಬೇಕು ಅನ್ನುವಲ್ಲಿ 6 ಡೆಸಿಬೆಲ್ ಮಾತ್ರ ಇಟ್ಟು ಒಂದೇ ಸಲ ಹಾಕಿದರೆ ದನಿ ಕೆಡುವುದು ಕಡಿಮೆ. ಆದರೆ ಅದು ಕೊನೆಯ ಕೆಲಸ, ಅದೂ ನಕಲು ಪ್ರತಿಯ ಮೇಲೆ ಮಾತ್ರ. ಮೂಲ ಫೈಲನ್ನು ಮುಟ್ಟಬೇಡಿ.


ಮಗ್ಗದ ಓಣಿ, ಬನಹಟ್ಟಿ

ನಾನಿರುವ ಓಣಿಯಲ್ಲಿ ಪವರ್‌ಲೂಮ್ ಸದ್ದು ಬೆಳಗಿನಿಂದ ರಾತ್ರಿವರೆಗೆ ಇರುತ್ತದೆ. ಮಕ್ಕಳಿಗೆ ಕತೆ ಓದಿ ರೆಕಾರ್ಡ್ ಮಾಡುತ್ತೇನೆ, ಆದ್ದರಿಂದ ಕೋಣೆಯ ಬಗ್ಗೆ ಮಾತ್ರ ಹೇಳುತ್ತೇನೆ. ಕರೆಂಟ್ ವಿಷಯ ಮೇಲಿನವರು ಹೇಳಿಯಾಗಿದೆ.

ಸದ್ದು ಗಾಳಿಯಲ್ಲಿ ಮಾತ್ರ ಬರುವುದಿಲ್ಲ, ಕಲ್ಲಿನ ನೆಲದಿಂದ ಸ್ಟ್ಯಾಂಡಿಗೆ ಹತ್ತಿ ಮೈಕಿಗೂ ಬರುತ್ತದೆ. ಅಡುಗೆ ಮನೆಯಲ್ಲಿ ಮಿಕ್ಸರ್ ಹಾಕಿದಾಗ, ಯಾರಾದರೂ ನಡೆದಾಗ ದುಮ್ ದುಮ್ ಕೇಳಿಸಿದರೆ ಅದೇ. ಸ್ಟ್ಯಾಂಡಿನ ಕಾಲ ಕೆಳಗೆ ಹಳೇ ಕೌದಿಯನ್ನು ನಾಲ್ಕು ಮಡಿಕೆ ಹಾಕಿ ಇಡಿ. ನಾನು ಇದನ್ನು ಮಾಡಿದ ಮೇಲೆ ಮಗ್ಗದ ಅದುರು ಎಷ್ಟೋ ಇಳಿಯಿತು.

ಇನ್ನೊಂದು ಕೌದಿ ಅಜ್ಜಿಯ ಬೆನ್ನ ಹಿಂದೆ ಕಟ್ಟಿ. ಜನ ಮೈಕಿನ ಹಿಂದೆ ಕಟ್ಟುತ್ತಾರೆ. ನಿಮ್ಮದು ಕಾರ್ಡಿಯಾಯ್ಡ್ ಮೈಕ್ ಆಗಿದ್ದರೆ ಅದು ಮುಂದಿನದನ್ನು ಜಾಸ್ತಿ ಹಿಡಿಯುತ್ತದೆ, ಹಿಂದಿನದನ್ನು ಕಡಿಮೆ. ಅಂದರೆ ಅದು ನೋಡುತ್ತಿರುವುದು ಅಜ್ಜಿಯನ್ನು ಮತ್ತು ಅವರ ಹಿಂದಿನ ಗೋಡೆಯನ್ನು. ದನಿ ಬಡಿದು ವಾಪಸ್ ಬರುವುದು ಆ ಗೋಡೆಯಿಂದ. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಜಾಗ ಬಿಟ್ಟು ಹಗ್ಗದ ಮೇಲೆ ಹಾಕಿ. ಪದರ ಪದರ ಹಳೇ ಸೀರೆ ಸೇರಿಸಿ ಹೊಲಿದ ಕೌದಿ ಈ ಕೆಲಸಕ್ಕೆ ಅಂಗಡಿಯ ತೆಳು ಫೋಮ್‌ಗಿಂತ ಒಳ್ಳೆಯದು, ಇದು ನನ್ನ ಗಟ್ಟಿ ಅಭಿಪ್ರಾಯ. ಗುಂಯ್, ರೈಲು, ಲಾರಿ ಇಂಥ ದಪ್ಪ ಸದ್ದಿಗೆ ಮಾತ್ರ ಕೌದಿ ಏನೂ ಮಾಡುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ.

ಫ್ಯಾನ್ ವಿಷಯ. ಚರ್ ಅನ್ನುವುದು ಫ್ಯಾನಿನ ಗಾಳಿ ಅಲ್ಲ, ರೆಗ್ಯುಲೇಟರ್. ಗುಂಡಿ ತಿರುಗಿಸಿದಂತೆ ಮೆಲ್ಲಗೆ ಏರುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ, ಸೆಕೆಂಡಿಗೆ 100 ಸಲ. ಕಡಿಮೆ ವೇಗದಲ್ಲಿ ಜಾಸ್ತಿ ಕತ್ತರಿಸುತ್ತದೆ, ಅದಕ್ಕೇ 2ರಲ್ಲಿ ಜಾಸ್ತಿ ಸದ್ದು. ಟಕ್ ಟಕ್ ಅಂತ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಹಾಗೆ ಕತ್ತರಿಸುವುದಿಲ್ಲ. ಬದಲಾಯಿಸಿದರೆ ಚರ್ ಹೋಗುತ್ತದೆ. ರೆಕ್ಕೆಯ ಗಾಳಿ ಸದ್ದು ಉಳಿಯುತ್ತದೆ. ಅದಕ್ಕೆ ಬೆಳಗಿನ ಐದು, ಐದೂವರೆ ಹೊತ್ತು ಒಳ್ಳೆಯದು, ಸೆಕೆಯೂ ಇರುವುದಿಲ್ಲ. ಬೀಸುವ ಪದ ಹುಟ್ಟಿದ ಹೊತ್ತೂ ಅದೇ ಅಲ್ವಾ, ಅಜ್ಜಿಗೆ ಆಗ ಪದ ಸಲೀಸಾಗಿ ನೆನಪಾಗಬಹುದು.

ಚಳಿಗಾಲಕ್ಕೆ ಮುಂದೂಡೋಣ ಅಂತ ಮಾತ್ರ ಯೋಚಿಸಬೇಡಿ. ನಮ್ಮ ಕಡೆ ನವೆಂಬರ್ ಬಂದರೆ ಕಬ್ಬಿನ ಟ್ರ್ಯಾಕ್ಟರ್ ಶುರು, ಎರಡೆರಡು ಟ್ರೇಲರ್, ಅದರ ಮೇಲೆ ಸ್ಪೀಕರಿನಲ್ಲಿ ಹಾಡು. ರಾತ್ರಿ ಎರಡಕ್ಕೂ ಬಿಡುವಿಲ್ಲ. ನಿಮ್ಮ ಓಣಿಯಲ್ಲಿ ಅಷ್ಟಿಲ್ಲದಿದ್ದರೂ, 80 ದಾಟಿದ ದನಿಯನ್ನು ಆರು ತಿಂಗಳು ಕಾಯಿಸುವುದು ಬೇಡ.


ಬೀಸುಕಲ್ಲು, ವಿಜಯಪುರ

ಎಲ್ಲರಿಗೂ ಬಹಳ ಥ್ಯಾಂಕ್ಸ್. ಏನಾಯಿತು ಅಂತ ಹೇಳುತ್ತೇನೆ, ಇದೇ ತೊಂದರೆ ಇರುವ ಬೇರೆಯವರಿಗೂ ಬೇಕಾಗಬಹುದು.

ಸಂಜೆ ಕರೆಂಟ್ ಹೋದಾಗ ಇನ್ವರ್ಟರ್ ಆರಿಸಿ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿದೆ. ಗುಂಯ್ ಇಲ್ಲವೇ ಇಲ್ಲ. ಕರೆಂಟ್ ಬಂತು, ಬ್ಯಾಟರಿ ಮೇಲೇ ಇಟ್ಟೆ, ಬಹಳ ಸಣ್ಣದಾಗಿ ಬಂತು. ಚಾರ್ಜರ್ ಚುಚ್ಚಿದೆ, ಮೊದಲಿನ ಹಾಗೇ ಗುಂಯ್. ಸ್ಪೆಕ್ಟ್ರಮ್‌ನಲ್ಲಿ 50, 100, 150, 200 ಗೂಟಗಳು ಸಾಲಾಗಿ ನಿಂತಿದ್ದು ಕಂಡವು. 1000ರಲ್ಲಿ ಏನೂ ಇಲ್ಲ.

ವೈರ್‌ಮನ್ ಕರೆಸಿದೆ. ಮೀಟರಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ 228 ವೋಲ್ಟ್ ಬಂತು. ಫೇಸ್ ಮತ್ತು ಅರ್ಥ್ ನಡುವೆ ಹಿಡಿದರೆ ಅಂಕಿ ನಿಲ್ಲಲೇ ಇಲ್ಲ, ಅಲೆದಾಡುತ್ತಿತ್ತು. ಮೇನ್ ಆರಿಸಿ ಬೋರ್ಡ್ ಬಿಚ್ಚಿದರು. ಸಾಕೆಟ್ಟಿನ ಮೇಲಿನ ದೊಡ್ಡ ತೂತಿನ ಹಿಂದೆ ಸ್ಕ್ರೂ ಇತ್ತು, ತಂತಿ ಇರಲಿಲ್ಲ. ಹಸಿರು ತಂತಿ ಪೈಪಿನಿಂದ ಹೊರಗೆ ಬಂದು ಮೂಲೆಯಲ್ಲಿ ಮಡಚಿಕೊಂಡು ಕೂತಿತ್ತು. ತುದಿಯ ಪ್ಲಾಸ್ಟಿಕ್ ಕೂಡ ಸುಲಿದಿರಲಿಲ್ಲ. ಆ ಬೋರ್ಡ್ ಹಾಕಿದ ದಿನದಿಂದ ಅದನ್ನು ಯಾರೂ ಜೋಡಿಸಿಯೇ ಇರಲಿಲ್ಲ. ಅದನ್ನು ಜೋಡಿಸಿದರು. ಸದ್ದು ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಇನ್ನೂ ಜಾಸ್ತಿ ವೋಲ್ಟ್ ತೋರಿಸುತ್ತಿದೆ. ಹಿತ್ತಲಲ್ಲಿ ಅರ್ಥ್ ಪೈಪ್ ಇದೆ, ಸುತ್ತ ನೆಲ ಬಿರುಕು ಬಿಟ್ಟಿದೆ. ಅದೇ ಕಾರಣವಾ?


ಪಾರಿಜಾತ ಸೌಂಡ್, ಜಮಖಂಡಿ

ಅದೇ ಕಾರಣ ಇರಬೇಕು. ನಮ್ಮ ಎರೆ ಮಣ್ಣು ಹಸಿಯಾಗಿದ್ದಾಗ ಅರ್ಥಿಂಗ್‌ಗೆ ಬಹಳ ಒಳ್ಳೆಯದು, ನೀರು ಹಿಡಿದಿಡುತ್ತದೆ, ಪೈಪಿಗೆ ಅಂಟಿಕೊಂಡು ಕೂರುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ ಕುಗ್ಗಿ ಬಾಯಿ ಬಿಡುತ್ತದೆ. ಪೈಪಿನ ಸುತ್ತ ಬೆರಳು ಹೋಗುವಷ್ಟು ಸಂದು ಆಗುತ್ತದೆ. ಪೈಪ್ ಇದೆ, ತಂತಿ ಇದೆ, ಮಣ್ಣು ತಾಗುತ್ತಿಲ್ಲ. ಮಳೆಗಾಲದಲ್ಲಿ ಗುಂಯ್ ಇಲ್ಲ, ಬೇಸಿಗೆಯಲ್ಲಿ ಇದೆ ಅನ್ನುವ ಮನೆಗಳಲ್ಲಿ ನಾನು ಮೊದಲು ಹಿತ್ತಲಿಗೇ ಹೋಗುತ್ತೇನೆ.

ಎರಡು ಮೂರು ಕೊಡ ನೀರು ಮೆಲ್ಲಗೆ ಹಾಕಿ, ಮರುದಿನ ಮತ್ತೆ ಹಾಕಿ. ಬಿರುಕಿಗೆ ಮಣ್ಣು ತುಂಬಿ. ನೀರು ಹಾಕಿದ ಮೇಲೆ ಸದ್ದು ಇಳಿದರೆ ರೋಗ ಖಚಿತ. ಆಮೇಲೆ ವೈರ್‌ಮನ್‌ಗೆ ಹೇಳಿ ಪೈಪಿನ ಸುತ್ತ ಇದ್ದಿಲು, ಉಪ್ಪು ಹೊಸದಾಗಿ ಹಾಕಿಸಿ. ಪೈಪ್ ಎಷ್ಟು ಆಳ ಹೋಗಿದೆ ಅಂತಲೂ ಕೇಳಿ. ಎರಡೂವರೆ ಮೀಟರ್ ಜಿಐ ಪೈಪ್ ಇರಬೇಕು. ಕೆಲವು ಮನೆಗಳಲ್ಲಿ ಮೊಣಕಾಲುದ್ದ ಹುಗಿದು ಬಿಟ್ಟಿರುತ್ತಾರೆ. ತುದಿಯಲ್ಲಿ ತಂತಿ ಕಟ್ಟಿದ ಬೋಲ್ಟ್ ತುಕ್ಕು ಹಿಡಿದಿದ್ದರೆ ಉಜ್ಜಿ ಬಿಗಿ ಮಾಡಿಸಿ. ಅರ್ಥ್ ಸಿಗುತ್ತಿಲ್ಲ ಅಂತ ಯಾರಾದರೂ ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿಗೇ ಅರ್ಥ್ ಜೋಡಿಸಲು ಬಂದರೆ ಬಿಡಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಎಲ್ಲ ಲೋಹದ ಮೈಗೂ ಕರೆಂಟ್ ಬರುತ್ತದೆ.

ಅಲ್ಲಿಯವರೆಗೆ ಕೆಲಸ ನಿಲ್ಲಿಸಬೇಡಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ. ನಿಮ್ಮ ಇಂಟರ್‌ಫೇಸ್ ಯುಎಸ್‌ಬಿಯಿಂದ ನಡೆಯುವುದರಿಂದ ಇಡೀ ಸಾಮಾನಿಗೆ ಗೋಡೆಯ ಕರೆಂಟೇ ಬೇಕಿಲ್ಲ.


ಕುಂದಾನಗರಿ, ಬೆಳಗಾವಿ

ಬೆಳಗಾವಿಯವನಾಗಿ ಇನ್ನೊಂದು ಸೇರಿಸುತ್ತೇನೆ. ಈಗ ನಿಮಗೆ ಬೇಡ, ಜೂನ್ ಆದ ಮೇಲೆ ಬೇಕಾಗಬಹುದು. ಕಂಡೆನ್ಸರ್ ಮೈಕಿನ ಒಳಗಿನ ತೆಳು ಪೊರೆಗೆ ತೇವ ಹತ್ತಿದರೆ ಪಟ್ ಪಟ್, ಚಟ್ ಅಂತ ಸದ್ದು ಬರುತ್ತದೆ, ನಡುವೆ ದನಿಯೂ ಕುಸಿಯುತ್ತದೆ. ಇಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ, ಗೋಡೆ ಬೆವರುತ್ತದೆ, ಆಗ ಬಹಳ ಜನ ಮೈಕ್ ಕೆಟ್ಟಿತು ಅಂತ ಎಸೆಯುತ್ತಾರೆ. ಕೆಟ್ಟಿರುವುದಿಲ್ಲ. ಮುಚ್ಚಳ ಬಿಗಿ ಇರುವ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಂದೆರಡು ದಿನ ಇಟ್ಟರೆ ಬಹಳಷ್ಟು ಸಲ ಸರಿಹೋಗುತ್ತದೆ. ಅಕ್ಕಿಯಲ್ಲಿ ಹುಗಿಯಬೇಡಿ, ಹಿಟ್ಟಿನ ಧೂಳು ಜಾಲರಿಯೊಳಗೆ ಹೋಗುತ್ತದೆ. ಬಿಸಿಲಿಗೂ ಇಡಬೇಡಿ.

ಫ್ಯಾಂಟಮ್ ಪವರ್ ಆನ್ ಇರುವಾಗ ಕೇಬಲ್ ಹಾಕಿ ತೆಗೆದು ಮಾಡಬೇಡಿ. ಮೊದಲು 48 ವೋಲ್ಟ್ ಆಫ್, ಸ್ವಲ್ಪ ಹೊತ್ತು ಬಿಟ್ಟು ಕೇಬಲ್.


ಬೀಸುಕಲ್ಲು, ವಿಜಯಪುರ

ನೀರು ಹಾಕಿದೆವು. ಭೂಮಿ ಎಷ್ಟು ಕುಡಿಯಿತೆಂದರೆ ಮೊದಲ ಕೊಡದ ನೀರು ಮೇಲೆ ಕಾಣಲೇ ಇಲ್ಲ. ಮರುದಿನ ಚಾರ್ಜರ್ ಹಾಕಿಕೊಂಡೇ ರೆಕಾರ್ಡ್ ಮಾಡಿದೆ, ಗುಂಯ್ ಹುಡುಕಿ ಕೇಳಬೇಕು ಅಷ್ಟು ಕಡಿಮೆ. ಲ್ಯಾಪ್‌ಟಾಪ್ ಜುಮ್ ಅನ್ನುವುದೂ ನಿಂತಿದೆ. ಇದ್ದಿಲು ಉಪ್ಪಿನ ಕೆಲಸಕ್ಕೆ ವೈರ್‌ಮನ್ ಮತ್ತೆ ಬರುತ್ತಾರೆ. ರೆಗ್ಯುಲೇಟರ್ ಬದಲಾಯಿಸಿಯಾಯಿತು, ಚರ್ ಹೋಯಿತು. ಮೈಕ್ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ದೂರ, ಕಣ್ಣಿನ ಮೇಲಿನ ಎತ್ತರ, ಬದಿಗೆ. ಆಯಿ ಅದನ್ನು ಮರೆತೇ ಹಾಡುತ್ತಾಳೆ. ಮೌನದ ಮಟ್ಟ ಮೈನಸ್ 41 ಡೆಸಿಬೆಲ್ ಇದ್ದದ್ದು ಈಗ ಮೈನಸ್ 59ಕ್ಕೆ ಇಳಿದಿದೆ.

ಈಗ ಉಳಿದದ್ದು ಬಳೆ. ಹಾಡುವಾಗ ಬಲಗೈ ತಾನಾಗಿಯೇ ಕಲ್ಲು ತಿರುಗಿಸಿದಂತೆ ಸುತ್ತುತ್ತದೆ, ಗಾಜಿನ ಬಳೆ ಝಲ್ ಅನ್ನುತ್ತದೆ. ಕೈ ಹಿಡಿದು ಕೂರು ಅಂದರೆ ಪದದ ಲಯ ತಪ್ಪುತ್ತದೆ. ಬಳೆ ತೆಗೆ ಅಂತ ನಾನು ಹೇಳಲಾರೆ.


ಮಗ್ಗದ ಓಣಿ, ಬನಹಟ್ಟಿ

ತೆಗೆಸಬೇಡಿ, ಕೈಯನ್ನೂ ಹಿಡಿಸಬೇಡಿ. ಮೆತ್ತನೆ ಹತ್ತಿ ಬಟ್ಟೆಯನ್ನು ಬಳೆಯ ಮೇಲೆ ಸಡಿಲವಾಗಿ ಸುತ್ತಿ, ಬಳೆಗಳ ನಡುವೆ ಬಟ್ಟೆ ಹೋಗುವ ಹಾಗೆ. ಮೈಕನ್ನು ಎಡಬದಿಗೆ ಸರಿಸಿ, ಬಲಗೈ ಮೈಕಿನಿಂದ ದೂರ ಆಗುತ್ತದೆ. ಆಮೇಲೂ ಸ್ವಲ್ಪ ಕೇಳಿಸಿದರೆ ಬಿಡಿ. ಗುಂಯ್ ಆ ಪದದ್ದಲ್ಲ, ಬಳೆ ಆ ಪದದ್ದೇ.

ಒಂದು ಬೇಡಿಕೆ ಕೂಡ. ಮನೆಯಲ್ಲಿ ಬೀಸುಕಲ್ಲು ಇನ್ನೂ ಇದ್ದರೆ ಒಂದೆರಡು ಪದವನ್ನು ಜೋಳ ಹಾಕಿ ಬೀಸುತ್ತಾ ಹಾಡಿಸಿ. ಬೀಸಲು ಅವರಿಗೆ ಶಕ್ತಿ ಇಲ್ಲದಿದ್ದರೆ ನೀವು ಬೀಸಿ, ಅವರು ಗೂಟಕ್ಕೆ ಕೈ ಹಚ್ಚಿರಲಿ. ನಿಮ್ಮ ಇಂಟರ್‌ಫೇಸ್‌ಗೆ ಎರಡು ಇನ್‌ಪುಟ್ ಇವೆ ಅಂದಿದ್ದೀರಿ. ಇನ್ನೊಂದು ಮೈಕ್ ಯಾರಿಂದಲಾದರೂ ತಂದು ಕಲ್ಲಿನ ಹತ್ತಿರ ಇಟ್ಟರೆ ದನಿ ಒಂದು ಟ್ರ್ಯಾಕ್, ಕಲ್ಲು ಒಂದು ಟ್ರ್ಯಾಕ್. ಕಲ್ಲಿನ ಗರಗರಕ್ಕೆ ಗೇನ್ ಬಹಳ ಕಡಿಮೆ ಬೇಕಾಗುತ್ತದೆ, ಮೊದಲು ಬೀಸಿ ನೋಡಿಕೊಂಡು ಇಡಿ. ಕಲ್ಲು ಮತ್ತು ಸ್ಟ್ಯಾಂಡ್ ಎರಡರ ಕೆಳಗೂ ಕೌದಿ.


ಕುಂದಾನಗರಿ, ಬೆಳಗಾವಿ

ಮೈನಸ್ 59 ಬಹಳ ಚೆನ್ನಾಗಿದೆ. ಆಡಿಯೋಬುಕ್ ತಗೊಳ್ಳುವ ಎಸಿಎಕ್ಸ್ ಕೇಳುವುದು ಮೈನಸ್ 60. ನೀವು ಹಳೇ ಮನೆಯಲ್ಲಿ, ಸ್ಟೇಶನ್ ಪಕ್ಕ ಅದರ ಹತ್ತಿರಕ್ಕೆ ಬಂದಿದ್ದೀರಿ. ಇನ್ನು ಸದ್ದಿನ ಹಿಂದೆ ಬೀಳಬೇಡಿ, ಪದ ಹಿಡಿಯಿರಿ.

ವೇವ್ ಫೈಲಿನಲ್ಲಿ, 24 ಬಿಟ್, 48000 ಹರ್ಟ್ಜ್‌ನಲ್ಲಿ ಇಡಿ. ಎಂಪಿ3 ಬೇರೆಯವರಿಗೆ ಕಳಿಸಲು ಮಾತ್ರ. ಪ್ರತಿ ಪದ ಶುರುವಾಗುವ ಮೊದಲು ಹತ್ತು ಸೆಕೆಂಡ್ ಸುಮ್ಮನೆ ಮೌನ ಹಿಡಿಯಿರಿ, ಆಮೇಲೆ ಯಾರಾದರೂ ಸದ್ದು ತೆಗೆಯಬೇಕಂದರೆ ಅದೇ ಮಾದರಿ ಆಗುತ್ತದೆ. ಪದ ಯಾವುದು, ಯಾರಿಂದ ಕಲಿತದ್ದು, ಯಾವ ಊರಿನದು ಅಂತ ಆಯಿಯ ದನಿಯಲ್ಲೇ ಮೊದಲು ಹೇಳಿಸಿ. ಫೈಲ್ ಹೆಸರಿನಲ್ಲಿ ತಾರೀಕು ಮತ್ತು ಪದದ ಮೊದಲ ಸಾಲು ಬರೆಯಿರಿ. ಎರಡು ಹಾರ್ಡ್‌ಡಿಸ್ಕ್, ಒಂದು ಬೇರೆ ಮನೆಯಲ್ಲಿರಲಿ.